ಯಜಮಾನಿಯ ಬಾಯಲ್ಲಿ ಅಡುಗೆಮನೆಯ ಮಾತು

ಎರಡು ವರ್ಷಗಳ ಹಿಂದೆ, ಹದಿನೆಂಟನೆಯ ಶತಮಾನದ ಬದುಕನ್ನು ವೇಷ ತೊಟ್ಟು ಆಡಿ ತೋರಿಸುವ ಹವ್ಯಾಸಿ ತಂಡವೊಂದನ್ನು ಎಡಿನ್‌ಬರೋದಲ್ಲಿ ಸೇರಿದಾಗ, ನನ್ನ ಕೈಗೆ ಆರು ಪುಟಗಳ ಒಂದು ಸಂಭಾಷಣೆಯ ಪ್ರತಿ ಬಂದಿತು. 1780ರ ದಶಕದ ಆರಂಭ, ಸ್ಕಾಟ್ಲೆಂಡಿನ ಪೂರ್ವ ಲೋಥಿಯನ್ ಸೀಮೆಯ ಒಂದು ಜಮೀನ್ದಾರರ ಮನೆ. ಇಂಡಿಯಾದಲ್ಲಿ ಸೈನ್ಯಕ್ಕೆ ಸೇರಿದ ಮಗ ಹೈದರಾಲಿಯ ಸೆರೆಯಲ್ಲಿದ್ದಾನೆ, ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಒಂದೇ ಸರಪಳಿಗೆ ಬಿಗಿದಿದ್ದಾರೆ ಎಂಬ ಸುದ್ದಿ ಆ ಮನೆಗೆ ತಲುಪುತ್ತದೆ. ಇದಿಷ್ಟೇ ಪ್ರಸಂಗ. ನನಗೆ ಕೊಟ್ಟ ಪಾತ್ರ, ಕಂಪನಿ ಸರ್ಕಾರದ ಕುಟುಂಬವೊಂದರ ಜೊತೆ ಮದರಾಸಿನಿಂದ ಹಡಗು ಹತ್ತಿ ಬಂದು ಈ ಮನೆಯಲ್ಲಿ ಉಳಿದುಹೋದ ಒಬ್ಬ ಆಯಾ. ಆ ಪಾತ್ರ ಕಲ್ಪಿತ. ಆದರೆ ಹಾಗೆ ಬಂದ ಆಯಾಗಳು ಬ್ರಿಟನ್ನಿನಲ್ಲಿ ಆಗ ನಿಜವಾಗಿಯೂ ಇದ್ದರು. ಪ್ರತಿಯನ್ನು ಓದುತ್ತಾ ಹೋದಂತೆ ಒಂದು ವಿಷಯ ಮುಳ್ಳಿನಂತೆ ಚುಚ್ಚತೊಡಗಿತು. ಅಡುಗೆಯವಳು, ಕುದುರೆಲಾಯದ ಹುಡುಗ, ನಾನು, ಎಲ್ಲರೂ ಸ್ಕಾಟ್ಲೆಂಡಿನವರ ಆಡುನುಡಿಯಾದ ಸ್ಕಾಟ್ಸ್ ಮಾತಾಡುತ್ತಿದ್ದೆವು. ಮನೆಯ ಯಜಮಾನಿ ಮಾತ್ರ ಮೊದಲಿನಿಂದ ಕೊನೆಯವರೆಗೆ ಅಚ್ಚುಕಟ್ಟಾದ ಇಂಗ್ಲಿಷ್ ಮಾತಾಡುತ್ತಿದ್ದಳು.

ಆ ಯಜಮಾನಿ ಕಲ್ಪಿತ ವ್ಯಕ್ತಿಯಲ್ಲ. ಅವಳ ಮಗ ಡೇವಿಡ್ ಬೇರ್ಡ್. ಶ್ರೀರಂಗಪಟ್ಟಣದ ಕಥೆ ಬಲ್ಲ ಕನ್ನಡಿಗರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಗಾಯಗೊಂಡು ಸೆರೆಸಿಕ್ಕಿ, ಸುಮಾರು ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿದ್ದು, 1784ರ ಮಂಗಳೂರು ಒಪ್ಪಂದದ ಹೊತ್ತಿಗೆ ಬಿಡುಗಡೆಯಾದವನು. 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಆಕ್ರಮಣದ ಮುಂದಾಳಾಗಿ ಮರಳಿ ಬಂದವನು. ಟಿಪ್ಪುವಿನ ಶವದ ಮುಂದೆ ದೀಪದ ಬೆಳಕಿನಲ್ಲಿ ಅವನು ನಿಂತಿರುವ ಆ ದೊಡ್ಡ ಚಿತ್ರವನ್ನು ಸ್ಕಾಟ್ಲೆಂಡಿನವನೇ ಆದ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ. ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆಯ ಕಮಾನುಗಳ ಕೆಳಗೆ ನಿಂತಾಗ ನಮಗೆ ಹೇಳಿದ ಕಥೆಯಲ್ಲಿ ಈ ಸೆರೆಯಾಳುಗಳಿಗೆ ತಾಯಂದಿರಿದ್ದರೆಂಬುದು ಇರಲಿಲ್ಲ. ಅದು ಇರಬೇಕಾಗಿತ್ತು ಎಂದು ನಾನೀಗ ಹೇಳುತ್ತಿಲ್ಲ. ಆದರೆ ಆ ತಾಯಿಯ ಒಂದು ಮಾತು ಸ್ಕಾಟ್ಲೆಂಡಿನಲ್ಲಿ ಇನ್ನೂರು ವರ್ಷಗಳಿಂದ ಬಾಯಿಂದ ಬಾಯಿಗೆ ಉಳಿದು ಬಂದಿದೆ. ಮಗನನ್ನು ಇನ್ನೊಬ್ಬನ ಜೊತೆ ಸರಪಳಿಯಲ್ಲಿ ಬಿಗಿದಿದ್ದಾರೆಂದು ಕೇಳಿದಾಗ, ಅವನ ಮುಂಗೋಪದ ಸ್ವಭಾವವನ್ನು ಹುಟ್ಟಿದಾಗಿನಿಂದ ಬಲ್ಲ ಆ ವಿಧವೆ ಹೇಳಿದಳಂತೆ: ‘ಲೋರ್ಡ್ ಪಿಟಿ ದ ಚಿಲ್ ದಟ್ಸ್ ಚೇನ್ಡ್ ಟೇ ಊರ್ ಡೇವಿ.’ ನಮ್ಮ ಡೇವಿಯ ಜೊತೆ ಸರಪಳಿಗೆ ಬಿದ್ದವನ ಪಾಡು ದೇವರಿಗೇ ಪ್ರೀತಿ.

ಈ ಮಾತು ಒಂದೇ ರೂಪದಲ್ಲಿ ಉಳಿದಿಲ್ಲ. ಕೆಲವು ಕಡೆ ‘ಚಿಲ್’ ಎಂಬ ಸ್ಕಾಟ್ಸ್ ಪದವಿದೆ, ಕೆಲವು ಕಡೆ ಅದರ ಜಾಗದಲ್ಲಿ ‘ಮ್ಯಾನ್’ ಬಂದು ಕೂತಿದೆ. ನಮ್ಮ ತಂಡದ ಪ್ರತಿ ಬರೆದವರು ‘ಮ್ಯಾನ್’ ಇದ್ದ ರೂಪವನ್ನು ಆರಿಸಿಕೊಂಡಿದ್ದರು. ಯಜಮಾನಿಯಾದವಳು ಇಂಗ್ಲಿಷ್ ಆಡದೆ ಇರುತ್ತಾಳೆಯೇ ಎಂಬುದು ಅವರ ಎಣಿಕೆ.

ಕಿವಿಗೆ ಮೊದಲು, ಬಾಯಿಗೆ ಆಮೇಲೆ

ನನ್ನ ಪಾತ್ರದ ಬಗ್ಗೆ ಯೋಚಿಸುವಾಗ ಮೊದಲು ಹೊಳೆದದ್ದು, ಆ ಹೆಂಗಸು ಇಂಗ್ಲಿಷಿನ ದಾರಿ ಹಿಡಿಯದೆ ಸ್ಕಾಟ್ಸ್ ಕಲಿತಿರಬಹುದು ಎಂಬುದು. ಅವಳಿಗೆ ಅಡುಗೆಮನೆಯೇ ಶಾಲೆ. ಅಲ್ಲಿ ಕೇಳಿದ್ದನ್ನೇ ಅವಳು ಆಡಿರುತ್ತಾಳೆ. ನನ್ನ ದಾರಿ ಅದಕ್ಕೆ ತದ್ವಿರುದ್ಧ. ನಾನು ಕಾನ್ವೆಂಟಿನ ಇಂಗ್ಲಿಷ್ ಕಲಿತು, ಅದನ್ನು ಇಲ್ಲಿನ ಕಚೇರಿಗೆ ಹೊಂದುವಂತೆ ತಿದ್ದಿಕೊಂಡು, ರಕಾರಗಳನ್ನು ನುಂಗುವುದನ್ನು ರೂಢಿ ಮಾಡಿಕೊಂಡಿದ್ದವಳು. ಸ್ಕಾಟ್ಸ್ ಬಾಯಿಗೆ ಬರಬೇಕಾದರೆ ಆ ನುಂಗಿದ ರಕಾರಗಳನ್ನೆಲ್ಲ ಮತ್ತೆ ಹೊರಗೆ ತರಬೇಕಾಗಿತ್ತು. ಮಗುವಿಗೆ ಹೇಳುವ ‘ಬೇರ್ನ್’ ಎಂಬ ಪದದಲ್ಲಿ ನಾಲಗೆ ನಮ್ಮ ‘ಕರ್ಣ’ದಲ್ಲಿ ಅದುರುವಂತೆಯೇ ಅದುರಬೇಕು. ಹತ್ತು ವರ್ಷ ಪ್ರಯತ್ನಪಟ್ಟು ಕಳೆದುಕೊಂಡ ಧ್ವನಿ ಹತ್ತು ದಿನಗಳಲ್ಲಿ ಮರಳಿತು.

ಅಷ್ಟು ಸುಲಭವಾಗದ ಧ್ವನಿಗಳೂ ಇದ್ದವು. ರಾತ್ರಿಗೆ ಹೇಳುವ ‘ನಿಖ್ಟ್’, ಮಗಳಿಗೆ ಹೇಳುವ ‘ಡೋಖ್ಟರ್’ ಇವುಗಳ ನಡುವಿನ ಧ್ವನಿ ಕನ್ನಡದ ಖಕಾರವಲ್ಲ. ಖಕಾರದಲ್ಲಿ ಉಸಿರು ತಡೆದು ಸಿಡಿಯುತ್ತದೆ. ಇಲ್ಲಿ ಅದು ಗಂಟಲ ಬಳಿ ಉಜ್ಜಿಕೊಂಡು ಹರಿಯಬೇಕು. ಎಷ್ಟು ಹೇಳಿಕೊಟ್ಟರೂ ಬರಲಿಲ್ಲ. ಕೊನೆಗೆ ಬಂದದ್ದು, ನನ್ನ ಜೊತೆ ಪಿಯುಸಿ ಓದಿದ, ಮನೆಯಲ್ಲಿ ದಖನಿ ಮಾತಾಡುವ ಗೆಳತಿಯೊಬ್ಬಳು ‘ಖಬರ್’, ‘ಖಾಲಾ’ ಎನ್ನುತ್ತಿದ್ದ ರೀತಿಯನ್ನು ನೆನೆದಾಗ. ಅವಳ ಆ ಖಕಾರವೇ ಲೋಥಿಯನ್ನಿನ ರಾತ್ರಿಯ ಖಕಾರ.

ಸ್ವರಗಳ ವಿಷಯಕ್ಕೆ ಬಂದರೆ ಕನ್ನಡ ಲಿಪಿ ನನಗೆ ಮಾಡಿದ ಉಪಕಾರ ದೊಡ್ಡದು. ಇಂಗ್ಲಿಷಿನ ‘ಡೌನ್’, ‘ಟೌನ್’, ‘ನೌ’ ಸ್ಕಾಟ್ಸ್‌ನಲ್ಲಿ ಉಕಾರದ ಪದಗಳು. ಇದು ಇಂಗ್ಲಿಷನ್ನು ಕೆಡಿಸಿದ ರೂಪವೆಂದು ಬಹಳ ಜನ ತಿಳಿದಿದ್ದಾರೆ, ನಡೆದದ್ದು ಬೇರೆ. ಹಳೆಯ ಸ್ವರವನ್ನು ಉಳಿಸಿಕೊಂಡದ್ದು ಸ್ಕಾಟ್ಸ್, ಬದಲಾದದ್ದು ದಕ್ಷಿಣದ ಇಂಗ್ಲಿಷ್. ನಾನು ಮೊದಮೊದಲು ಎಲ್ಲ ಕಡೆಯೂ ದೀರ್ಘ ಬರೆದುಕೊಂಡು ಡೂನ್, ಟೂನ್ ಎಂದು ಅಭ್ಯಾಸ ಮಾಡಿದೆ. ತಂಡದಲ್ಲಿ ಮಾತು ಕಲಿಸುತ್ತಿದ್ದ ನಿವೃತ್ತ ಶಿಕ್ಷಕರು ಕೇಳಿ ತಲೆಯಾಡಿಸಿದರು. ಐಟ್ಕೆನ್ ಎಂಬ ವಿದ್ವಾಂಸರ ಹೆಸರಿನಿಂದ ಕರೆಯುವ ಒಂದು ನಿಯಮವಿದೆ: ಪದದ ಕೊನೆಯಲ್ಲಿ, ರಕಾರಕ್ಕೆ ಮೊದಲು, ಇನ್ನು ಕೆಲವು ಉಜ್ಜುವ ಧ್ವನಿಗಳಿಗೆ ಮೊದಲು ಸ್ವರ ದೀರ್ಘ; ಉಳಿದ ಕಡೆ ಹ್ರಸ್ವ. ಹಾಗಾಗಿ ‘ಡುನ್’, ‘ಟುನ್’ ಹ್ರಸ್ವ. ‘ನೂ’, ಹಸುವಿಗೆ ಹೇಳುವ ‘ಕೂ’, ನಮ್ಮ ಎಂಬರ್ಥದ ‘ಊರ್’ ದೀರ್ಘ. ‘ಚಿಲ್’ ಪದವನ್ನೂ ನಾನು ‘ಚೀಲ್’ ಎಂದು ಬರೆದುಕೊಂಡು ತಪ್ಪಾಗಿ ಆಡುತ್ತಿದ್ದೆ. ಹ್ರಸ್ವ ದೀರ್ಘಗಳನ್ನು ಒಂದನೆಯ ತರಗತಿಯಲ್ಲೇ ಕೊಂಬು ಇಳಿಗಳ ಮೂಲಕ ತಿದ್ದಿ ಕಲಿತವರಿಗೆ ಈ ನಿಯಮ ಹಿಡಿಯುವುದು ಕಷ್ಟವಲ್ಲ. ನನ್ನ ಪಕ್ಕ ಕೂತು ಕಲಿಯುತ್ತಿದ್ದ ಇಂಗ್ಲೆಂಡಿನ ಹುಡುಗನೊಬ್ಬ ಅದಕ್ಕಾಗಿ ತಿಂಗಳುಗಟ್ಟಲೆ ಒದ್ದಾಡಿದ.

ವ್ಯಾಕರಣದಲ್ಲಿ ನನಗೆ ಪ್ರೀತಿ ಹುಟ್ಟಿಸಿದ್ದು ಎರಡು. ಒಂದು, ನಿಷೇಧ ಕ್ರಿಯಾಪದಕ್ಕೇ ಅಂಟುವ ರೀತಿ: ಡಿನ್ನಾ, ಕ್ಯಾನ್ನಾ, ವಿನ್ನಾ. ‘ಮಾಡಲಾರೆ’, ‘ಬಾರೆ’ ಎಂದು ಒಂದೇ ಪದದಲ್ಲಿ ನಿರಾಕರಿಸುವ ಕನ್ನಡದ ಬಾಯಿಗೆ ಅದು ಹಿತ. ಇನ್ನೊಂದು, ಇದು ಮತ್ತು ಅದು ಎಂಬೆರಡರ ಜೊತೆಗೆ ಇನ್ನೂ ಆಚೆಗಿನದನ್ನು ತೋರುವ ‘ಯೋನ್’. ಹಳಗನ್ನಡದಲ್ಲೂ ಇವಂ, ಅವಂ ಎಂಬ ಎರಡರ ನಡುವೆ ‘ಉವಂ’ ಎಂದೊಂದಿತ್ತು. ನಮ್ಮದು ನಡುವಿನದನ್ನು ತೋರುತ್ತಿತ್ತು, ಇವರದು ತುದಿಯದನ್ನು. ನಾವು ಕಳೆದುಕೊಂಡೆವು; ಅವರಲ್ಲಿ ಅಜ್ಜಿಯರ ಬಾಯಲ್ಲಿ ಅದು ಇನ್ನೂ ಇದೆ.

ಎದುರು ಮನೆಯಾಕೆ

ನಮ್ಮ ಮಹಡಿಯಲ್ಲೇ ಎದುರು ಬಾಗಿಲಿನಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯಾಕೆ ಇದ್ದಾರೆ. ಈಶಾನ್ಯದ ಹಂಟ್ಲಿಯ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಎಡಿನ್‌ಬರೋಗೆ ಬಂದವರು. ಏಳು ವರ್ಷದ ಪರಿಚಯದಲ್ಲಿ ಅವರು ನನ್ನ ಜೊತೆ ಆಡಿದ್ದು ಒಪ್ಪವಾದ ಇಂಗ್ಲಿಷನ್ನು ಮಾತ್ರ. ಆದರೆ ಭಾನುವಾರ ಸಂಜೆ ತಂಗಿಯ ಫೋನ್ ಬಂದಾಗ ಅವರ ಧ್ವನಿಯೇ ಬದಲಾಗುತ್ತಿತ್ತು. ಗೋಡೆಯಾಚೆಯಿಂದ ‘ಫಿಟ್ ಲೈಕ್?’ ಎಂಬ ಕುಶಲ ಪ್ರಶ್ನೆ ಕೇಳಿಸುತ್ತಿತ್ತು. ಈಶಾನ್ಯದವರ ಡೋರಿಕ್ ನುಡಿಯಲ್ಲಿ ‘ವಾಟ್’ ಎಂಬುದು ‘ಫಿಟ್’, ‘ವೇರ್’ ಎಂಬುದು ‘ಫಾರ್’, ‘ವೆನ್’ ಎಂಬುದು ‘ಫ್ಯಾನ್’; ಉಳಿದವರು ಉಸಿರಿನಲ್ಲಿ ತೇಲಿಸುವ ಧ್ವನಿ ಇವರಲ್ಲಿ ಫಕಾರವಾಗಿ ನಿಂತಿದೆ.

ನಾನು ಸ್ಕಾಟ್ಸ್ ಕಲಿಯಲು ಹೊರಟಾಗ ಮೊದಲು ಬಡಿದದ್ದು ಅವರ ಬಾಗಿಲನ್ನೇ. ಅವರು ಚಹಾ ಕೊಟ್ಟರು, ಬೆಣ್ಣೆಯ ಬಿಸ್ಕತ್ತು ಕೊಟ್ಟರು, ಊರಿನ ಕಥೆ ಹೇಳಿದರು, ಎಲ್ಲವನ್ನೂ ಇಂಗ್ಲಿಷಿನಲ್ಲಿ. ಅವರ ಮಾತಿನಲ್ಲೇ ಹೇಳಿ ಎಂದು ಕೇಳಿಕೊಂಡಾಗ ಎರಡು ವಾಕ್ಯ ಆಡಿ, ಮೂರನೆಯದರಲ್ಲಿ ತಮಗೇ ಗೊತ್ತಾಗದಂತೆ ಇಂಗ್ಲಿಷಿಗೆ ಜಾರಿಬಿಟ್ಟರು. ಅತಿಥಿಯ ಮುಂದೆ ಹಳೆಯ ಸೀರೆ ಉಟ್ಟು ಕೂರಲು ನಮ್ಮ ಹಿರಿಯರು ಹಿಂಜರಿಯುವಂಥ ಹಿಂಜರಿಕೆ ಅದು. ಆಮೇಲೆ ಒಂದು ದಿನ, ಕೇಳದೆಯೇ ಹೇಳಿದರು: ಐದನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿದ ಮೊದಲ ವಾರ, ಟೀಚರ್ ಹಾಜರಿ ಕರೆದಾಗ ‘ಯೆಸ್’ ಎನ್ನುವ ಬದಲು ‘ಆಯ್’ ಎಂದದ್ದಕ್ಕೆ ಅಂಗೈ ಮೇಲೆ ಚರ್ಮದ ಪಟ್ಟಿಯ ಏಟು ಬಿದ್ದಿತ್ತು. ಹೇಳುವಾಗ ಅವರು ಅಂಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡಿದ್ದರು.

ಅವರಿಂದ ಕದ್ದು ಕೇಳಿಯೇ ಕಲಿತ ಫಕಾರದ ಪದಗಳನ್ನು ಹೆಮ್ಮೆಯಿಂದ ತಂಡದ ಮುಂದೆ ಆಡಿದಾಗ ಶಿಕ್ಷಕರು ಮತ್ತೆ ತಲೆಯಾಡಿಸಿದರು. ಪೂರ್ವ ಲೋಥಿಯನ್ನಿನ ಅಡುಗೆಮನೆಯಲ್ಲಿ ‘ಫಿಟ್’ ಎಂದರೆ, ಮಂಡ್ಯದ ಗೌಡರ ಹಟ್ಟಿಯಲ್ಲಿ ಧಾರವಾಡದ ‘ಏನ್ರೀಪಾ’ ಕೇಳಿದಂತೆ. ಸ್ಕಾಟ್ಸ್ ಎಂಬುದು ಒಂದೇ ಅಲ್ಲ. ಅದೂ ಅಲ್ಲದೆ ಪರ್ವತ ಸೀಮೆಯವರ ಗೇಲಿಕ್ ಬೇರೆಯೇ ಕುಲದ ಭಾಷೆ. ಬೇರ್ಡ್ ಇದ್ದ ಹೈಲ್ಯಾಂಡರ್ ಪಲ್ಟಣದ ಸಿಪಾಯಿಗಳಲ್ಲಿ ಅನೇಕರು ಗೇಲಿಕ್ ಮನೆಮಾತಿನವರು. ಶ್ರೀರಂಗಪಟ್ಟಣದ ಆ ಕಮಾನುಗಳ ಕೆಳಗೆ ಕನ್ನಡ, ದಖನಿ, ಗೇಲಿಕ್, ಸ್ಕಾಟ್ಸ್ ಎಲ್ಲವೂ ಒಂದೇ ಗಾಳಿಯಲ್ಲಿ ಕೇಳಿಸಿರಬೇಕು ಎಂದು ನೆನೆದರೆ ಆ ಪ್ರವಾಸದ ದಿನಕ್ಕೆ ಮತ್ತೆ ಹೋಗಿ ನಿಲ್ಲಬೇಕೆನಿಸುತ್ತದೆ.

ತಪ್ಪುಗಳ ಪಟ್ಟಿಯಿಂದ ಕಲಿಯುವುದು

ಎರಡೂವರೆ ಶತಮಾನದ ಹಿಂದಿನ ಆಡುಮಾತನ್ನು ಯಾರೂ ಧ್ವನಿಮುದ್ರಿಸಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಆರಂಭವಾದ ಸ್ಕಾಟಿಷ್ ಅಧ್ಯಯನ ಶಾಲೆಯವರು ಊರೂರು ಸುತ್ತಿ ಮುದ್ರಿಸಿಟ್ಟ ಮಾತುಕತೆಗಳು ಇವತ್ತು ಅಂತರ್ಜಾಲದಲ್ಲಿ ಸಿಗುತ್ತವೆ. ರಾತ್ರಿ ಅಡುಗೆ ಮಾಡುತ್ತಾ ನಾನು ಅವನ್ನು ಕೇಳಿದ್ದೇನೆ. ಆದರೆ ಅವು ಇಪ್ಪತ್ತನೆಯ ಶತಮಾನದ ಬಾಯಿಗಳು. ಅದಕ್ಕಿಂತ ಹಿಂದಕ್ಕೆ ಹೋಗಲು ಬರಹವೇ ಗತಿ. ಆ ಬರಹಗಳಲ್ಲಿ ಬಹಳ ಉಪಯೋಗಕ್ಕೆ ಬಂದವು, ಈ ಮಾತನ್ನು ಬಾಯಿಂದ ತೊಳೆದುಹಾಕಲು ಬಯಸಿದವರು ಮಾಡಿಟ್ಟ ಪಟ್ಟಿಗಳು ಎಂಬುದನ್ನು ಅರಿತಾಗ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ.

ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1752ರಲ್ಲಿ ಇಂಥದೊಂದು ಪಟ್ಟಿ ಅಚ್ಚು ಹಾಕಿಸಿದ: ಸ್ಕಾಟ್ಲೆಂಡಿನವರು ಬರೆಯುವಾಗ ಮಾಡುವ ‘ತಪ್ಪು’ ಒಂದು ಕಡೆ, ಇಂಗ್ಲಿಷಿನ ಸರಿರೂಪ ಇನ್ನೊಂದು ಕಡೆ. ‘ಬಟರ್ ಅಂಡ್ ಬ್ರೆಡ್’ ಎನ್ನಬಾರದು, ‘ಬ್ರೆಡ್ ಅಂಡ್ ಬಟರ್’ ಎನ್ನಬೇಕು. ‘ಪ್ರೂವನ್’ ಎನ್ನಬಾರದು, ‘ಪ್ರೂವ್ಡ್’ ಎನ್ನಬೇಕು. ಇಷ್ಟೆಲ್ಲ ಎಚ್ಚರ ವಹಿಸಿ ಬರೆದ ಹ್ಯೂಮ್ ತನ್ನ ಬಾಯಲ್ಲಿ ಕೊನೆಯವರೆಗೂ ಸ್ಕಾಟ್ಸ್ ಆಡಿದವನು. 1761ರಲ್ಲಿ ಐರ್ಲೆಂಡಿನ ನಟ ಥಾಮಸ್ ಶೆರಿಡನ್ ಎಡಿನ್‌ಬರೋಗೆ ಬಂದು ಶುದ್ಧ ಇಂಗ್ಲಿಷ್ ಉಚ್ಚಾರಣೆಯ ಮೇಲೆ ಉಪನ್ಯಾಸ ಕೊಟ್ಟಾಗ ನಗರದ ಗಣ್ಯರು ಹಣ ಕೊಟ್ಟು ಕೂತು ಕೇಳಿದರು. ಅಬರ್‌ಡೀನಿನ ಪ್ರಾಧ್ಯಾಪಕ ಜೇಮ್ಸ್ ಬೀಟಿ 1779ರಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ಇನ್ನೂ ಉದ್ದದ ಪಟ್ಟಿ ಮಾಡಿದ. 1808ರಲ್ಲಿ ಜಾನ್ ಜೇಮಿಸನ್ ಎರಡು ಸಂಪುಟಗಳಲ್ಲಿ ಸ್ಕಾಟ್ಸ್ ನಿಘಂಟನ್ನು ಪ್ರೀತಿಯಿಂದ ಹೊರತಂದ ಮೇಲೆ ಚಿತ್ರ ಬದಲಾಯಿತು. 1931ರಿಂದ 1976ರವರೆಗೆ ಹೊರಬಂದ ಹತ್ತು ಸಂಪುಟಗಳ ರಾಷ್ಟ್ರೀಯ ನಿಘಂಟು ಈಗ ಯಾರ ಮೊಬೈಲಿನಲ್ಲೂ ತೆರೆಯುತ್ತದೆ. ಆದರೂ ನಮ್ಮ ಪ್ರಸಂಗದ ಕಾಲಕ್ಕೆ ಅತಿ ಹತ್ತಿರದ ಸಾಕ್ಷಿ ಬೀಟಿಯ ಪಟ್ಟಿಯೇ. ಅದರ ಎಡಭಾಗದಲ್ಲಿ ‘ಆಡಬಾರದು’ ಎಂದು ಇಟ್ಟದ್ದನ್ನೆಲ್ಲ ನಾನು ಬಾಯಿಪಾಠ ಮಾಡಿದೆ.

ಈ ಪಟ್ಟಿಗಳು ಒಂದು ವಿಷಯವನ್ನು ನಿಚ್ಚಳವಾಗಿ ಹೇಳುತ್ತವೆ. ಅವುಗಳನ್ನು ಬರೆದದ್ದು ಅಡುಗೆಯವಳಿಗಾಗಿಯಲ್ಲ. ಲಂಡನ್ನಿನಲ್ಲಿ ಹುದ್ದೆ ಬಯಸಿದ ಜಮೀನ್ದಾರರ, ವಕೀಲರ, ಪಾದ್ರಿಗಳ ಮಕ್ಕಳಿಗಾಗಿ. ಅಂದರೆ ಆ ಮಕ್ಕಳು ಸ್ಕಾಟ್ಸ್ ಆಡುತ್ತಿದ್ದರು, ಅವರ ತಾಯಂದಿರಂತೂ ಆಡಿಯೇ ಆಡುತ್ತಿದ್ದರು. 1779ರಲ್ಲಿ ಹುಟ್ಟಿದ ನ್ಯಾಯಾಧೀಶ ಹೆನ್ರಿ ಕಾಕ್‌ಬರ್ನ್ ತಾನು ಬಾಲ್ಯದಲ್ಲಿ ಕಂಡ ಎಡಿನ್‌ಬರೋದ ದೊಡ್ಡ ಮನೆತನದ ಮುದುಕಿಯರನ್ನು ವರ್ಣಿಸುವಾಗ, ಅವರ ಗಟ್ಟಿತನ, ಬಿಚ್ಚುಮನಸ್ಸು, ಯಾರಿಗೂ ಹೆದರದ ನಾಲಗೆ ಇವುಗಳ ಜೊತೆಗೆ, ಅವರೆಲ್ಲ ಸ್ಕಾಟ್ಸ್ ಆಡುತ್ತಿದ್ದರೆಂದು ದಾಖಲಿಸಿದ್ದಾನೆ. ಬೇರ್ಡ್‌ನ ತಾಯಿ ಆ ಪೀಳಿಗೆಯವಳು. ಯಜಮಾನಿ ಮತ್ತು ಅಡುಗೆಯವಳ ನಡುವೆ ಉಡುಪಿನಲ್ಲಿ, ಕುರ್ಚಿಯಲ್ಲಿ, ತಟ್ಟೆಯಲ್ಲಿ ಅಂತರವಿತ್ತು. ನಾಲಗೆಯಲ್ಲಿ ಇನ್ನೂ ಅಷ್ಟು ಅಂತರ ಬಂದಿರಲಿಲ್ಲ.

ಇದನ್ನೆಲ್ಲ ಬರೆದುಕೊಂಡು ಹೋಗಿ ತಂಡದ ಮುಂದೆ ವಾದಿಸಿದೆ. ಪ್ರತಿ ಬರೆದವರು ತಾಳ್ಮೆಯಿಂದ ಕೇಳಿ ಒಂದು ನ್ಯಾಯವಾದ ಪ್ರಶ್ನೆ ಕೇಳಿದರು: ಎಲ್ಲರೂ ಸ್ಕಾಟ್ಸ್ ಆಡಿದರೆ ಯಾರು ಯಜಮಾನಿ, ಯಾರು ಆಳು ಎಂದು ನೋಡಲು ಬಂದವರಿಗೆ ಹೇಗೆ ತಿಳಿಯಬೇಕು? ಆ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಆದರೆ ಅದು ಎಷ್ಟು ಪರಿಚಿತ ಎಂಬುದು ಮನೆಗೆ ನಡೆದು ಬರುವಾಗ ಹೊಳೆಯಿತು. ನಮ್ಮ ಸಿನಿಮಾಗಳಲ್ಲಿ ನಾಯಕನ ತಂದೆ ಯಾವ ಊರಿನವನಾದರೂ ಗ್ರಂಥದ ಕನ್ನಡ ಆಡುತ್ತಿದ್ದ. ಮಂಗಳೂರ ಕಡೆಯ ಕನ್ನಡ ಅಡುಗೆ ಭಟ್ಟರಿಗೆ, ಹುಬ್ಬಳ್ಳಿಯ ಕನ್ನಡ ನಗಿಸುವ ಪೊಲೀಸನಿಗೆ ಮೀಸಲಾಗಿತ್ತು. ಸೀಮೆಯ ನುಡಿ ಕೇಳಿದೊಡನೆ ಪ್ರೇಕ್ಷಕ ನಗಲು ಅಣಿಯಾಗುವಂತೆ ದಶಕಗಳ ಕಾಲ ಅವನನ್ನು ಪಳಗಿಸಿದ್ದೆವು.

ನಾನು ಕುಂದಾಪುರದವಳು. ಬೆಂಗಳೂರಿನ ಹಾಸ್ಟೆಲಿಗೆ ಸೇರಿದ ಎರಡನೆಯ ವಾರ, ‘ನಂಗ್ ಊರಿಗ್ ಹೋಯ್ಕ್’ ಎಂದು ಅತ್ತಾಗ ಕೋಣೆಯ ಹುಡುಗಿಯರು ಸಮಾಧಾನ ಮಾಡುವ ಮೊದಲು ನಕ್ಕರು. ಅವರು ಕೆಟ್ಟವರಲ್ಲ, ಆಮೇಲೆ ತಬ್ಬಿಕೊಂಡರು. ಆದರೆ ‘ಹೋಯ್ಕ್’ ಎಂಬ ಪದ ಅವತ್ತಿನಿಂದ ನನ್ನ ಬಾಯಲ್ಲಿ ‘ಹೋಗ್ಬೇಕು’ ಆಯಿತು. ಅಮ್ಮಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಅದು ಹಿಂದಿರುಗುತ್ತಿತ್ತು. ಎದುರು ಮನೆಯಾಕೆಯ ಭಾನುವಾರದ ಧ್ವನಿಯನ್ನು ನಾನು ಅಷ್ಟು ಬೇಗ ಗುರುತಿಸಿದ್ದು ಇದರಿಂದಲೇ ಇರಬೇಕು.

ಉಪ್ಪು ಕೇಳುವ ಧ್ವನಿಯಲ್ಲಿ

ಯಜಮಾನಿಯ ಪಾತ್ರ ಮಾಡುತ್ತಿದ್ದವರು ಎಡಿನ್‌ಬರೋದಲ್ಲೇ ಹುಟ್ಟಿ ಬೆಳೆದ ಒಬ್ಬ ವಕೀಲೆ. ಒಮ್ಮೆ ಪ್ರಯತ್ನಿಸಿ ನೋಡೋಣ ಎಂದು ಅವರೇ ಮುಂದೆ ಬಂದರು. ಮಾರ್ಚ್ ತಿಂಗಳ ಒಂದು ಸಂಜೆ, ಚರ್ಚಿಗೆ ಸೇರಿದ ಒಂದು ತಣ್ಣಗಿನ ಸಭಾಂಗಣದಲ್ಲಿ, ಉಣ್ಣೆಯ ಕೋಟು ಬಿಚ್ಚದೆಯೇ ಅಭ್ಯಾಸ ನಡೆಯಿತು. ಅವರಿಗೆ ಉಚ್ಚಾರಣೆಯ ತೊಂದರೆ ಒಂದಿಷ್ಟೂ ಇರಲಿಲ್ಲ; ನಾನು ತಿಂಗಳುಗಟ್ಟಲೆ ಕಷ್ಟಪಟ್ಟು ಗಳಿಸಿದ ಸ್ವರಗಳು ಅವರಿಗೆ ತಾವಾಗಿ ಬಂದವು. ತೊಂದರೆ ಇದ್ದದ್ದು ಬೇರೆ ಕಡೆ. ‘ಊರ್ ಡೇವಿ’ ಎನ್ನುವಾಗ ಅವರ ಹುಬ್ಬು ಏರುತ್ತಿತ್ತು, ಭುಜ ಮೇಲೆ ಬರುತ್ತಿತ್ತು, ಧ್ವನಿ ಒಡಕಾಗುತ್ತಿತ್ತು. ಅವರಿಗೇ ಅರಿವಿಲ್ಲದೆ, ದೂರದರ್ಶನದ ಹಾಸ್ಯಗಳಲ್ಲಿ ಕೇಳಿದ ಮುದುಕಿಯೊಬ್ಬಳು ಆ ಮಾತಿನ ಜೊತೆಗೇ ಬಂದುಬಿಡುತ್ತಿದ್ದಳು. ನಾಲ್ಕು ಸಲ ಹೇಳಿದರು, ನಾಲ್ಕು ಸಲವೂ ಸುತ್ತಲಿದ್ದವರು ನಕ್ಕರು.

ಶಿಕ್ಷಕರು ಎದ್ದು ಬಂದು ಅವರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಊಟದ ಮೇಜಿನಲ್ಲಿ ಉಪ್ಪು ಕೇಳುವ ಧ್ವನಿಯಲ್ಲಿ ಹೇಳಿ ಎಂದರು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೈಯಲ್ಲಿದ್ದ ಕಾಗದವನ್ನು ಮಡಿಸುತ್ತಾ, ಕೆಳಗೆ ನೋಡುತ್ತಾ, ಅವಸರವಿಲ್ಲದೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಆ ಮಾತು ನಗೆಮಾತೇ ಹೌದು. ಆದರೆ ಅದನ್ನು ಹೇಳಿದ ತಾಯಿಗೆ ಮಗ ಬದುಕಿದ್ದಾನೋ ಇಲ್ಲವೋ ಎಂಬುದೂ ಖಚಿತವಿರಲಿಲ್ಲ, ಉತ್ತರ ಬರಬೇಕಾದರೆ ಹಡಗಿಗೆ ತಿಂಗಳುಗಳು ಬೇಕಿದ್ದವು. ನಮ್ಮ ಕಡೆ ಸಿಟ್ಟಿನ ಮಗ ಊರು ಬಿಟ್ಟು ಹೋದಾಗ ‘ಅವನನ್ನು ಕಟ್ಟಿಕೊಂಡವರ ಕಥೆ ಮುಗೀತು’ ಎಂದು ಗೊಣಗುತ್ತಾ ಒಲೆ ಊದುವ ತಾಯಂದಿರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದ್ದಳು. ‘ಮ್ಯಾನ್’ ಎಂದಾಗ ಅದು ಬರೀ ಚತುರ ಮಾತಾಗಿ ಕೇಳಿಸಿತ್ತು. ‘ಚಿಲ್’ ಎಂದರೆ ಆಳು, ಹುಡುಗ, ಯಾರದೋ ಮನೆಯ ಕೂಸು. ಆ ಪದದ ಬೇರೇ ಮಗು ಎಂಬರ್ಥದ್ದು. ಅದರಲ್ಲಿ ಸರಪಳಿಯ ಇನ್ನೊಂದು ತುದಿಯಲ್ಲಿರುವ ಯಾರೋ ತಾಯಿಯ ಮಗನಿಗೂ ಜಾಗವಿದೆ. ‘ಊರ್’ ಎಂಬುದು ನನ್ನ ಕಿವಿಗೆ ಕನ್ನಡದ ಊರಾಗಿಯೂ ಕೇಳಿಸುತ್ತದೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಪ್ರತಿಯನ್ನು ತಿದ್ದಲಾಯಿತು. ಯಜಮಾನಿಗೆ ಸ್ಕಾಟ್ಸ್ ಬಂತು, ಲಂಡನ್ನಿನಿಂದ ರಜೆಗೆ ಬಂದ ಹಿರಿಯ ಮಗನೊಬ್ಬನನ್ನು ಸೇರಿಸಿ ಇಂಗ್ಲಿಷನ್ನು ಅವನಿಗೆ ಕೊಡಲಾಯಿತು. ಯಾರು ಆಳು, ಯಾರು ಒಡೆಯರು ಎಂಬುದು ಯಾರು ಕೂರುತ್ತಾರೆ, ಯಾರು ನಿಂತೇ ಇರುತ್ತಾರೆ ಎಂಬುದರಿಂದ ನೋಡುವವರಿಗೆ ಯಾವ ಕಷ್ಟವೂ ಇಲ್ಲದೆ ತಿಳಿಯಿತು.

ಕಾಲವೂ ಸ್ವಲ್ಪ ಬದಲಾಗಿದೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಸ್ಕಾಟ್ಸ್ ಬಗ್ಗೆ ಕೇಳಿದಾಗ 15 ಲಕ್ಷಕ್ಕೂ ಹೆಚ್ಚು ಮಂದಿ ತಾವು ಅದನ್ನು ಆಡುತ್ತೇವೆಂದು ಬರೆಸಿದರು. 2025ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾನೂನನ್ನು ಅಂಗೀಕರಿಸಿತು. ಈ ಸುದ್ದಿಯನ್ನು ನಾನು ಎದುರು ಮನೆಯಾಕೆಗೆ ಓದಿ ಹೇಳಿದಾಗ ಅವರು ತಲೆಯಾಡಿಸಿ, ‘ಒಳ್ಳೆಯದು’ ಎಂದು ಇಂಗ್ಲಿಷಿನಲ್ಲೇ ಹೇಳಿದರು.

ಪ್ರದರ್ಶನದ ದಿನ ಅವರನ್ನು ಕರೆದುಕೊಂಡು ಹೋಗಿದ್ದೆ. ಹಳೆಯ ತೋಟದ ಮನೆಯ ಅಡುಗೆಕೋಣೆಯಲ್ಲಿ ಮುಂದಿನ ಬೆಂಚಿನ ಮೇಲೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ನೋಡಿದರು. ಮರಳಿ ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವರು, ನಮ್ಮ ಯಜಮಾನಿ ಆ ಮಾತಿಗೆ ‘ಪಾಪದ’ ಎಂಬ ಪದವನ್ನೂ ಸೇರಿಸಬೇಕಿತ್ತು ಎಂದರು. ನಾನು ಲೋಥಿಯನ್ನಿನ ಉಚ್ಚಾರಣೆಯಲ್ಲಿ, ತುಟಿ ದುಂಡಗೆ ಮಾಡಿ ಎಕಾರ ಹೇಳುವ ಆ ಕಷ್ಟದ ಸ್ವರದಲ್ಲಿ, ಅದನ್ನು ಸೇರಿಸಿ ಹೇಳಿ ತೋರಿಸಿದೆ. ‘ನಾ, ನಾ, ಕ್ವೈನ್,’ ಎಂದರು ಅವರು. ಕ್ವೈನ್ ಎಂದರೆ ಅವರ ಸೀಮೆಯಲ್ಲಿ ಹುಡುಗಿ. ಏಳು ವರ್ಷಗಳಲ್ಲಿ ನನ್ನನ್ನು ಆ ಪದದಿಂದ ಕರೆದದ್ದು ಅದೇ ಮೊದಲು. ‘ದ ಪೀರ್ ಚಿಲ್,’ ಎಂದರು, ‘ಪೀರ್.’ ನಾನು ಚೀಲದಿಂದ ನೋಟುಪುಸ್ತಕ ತೆಗೆದು, ಬಸ್ಸಿನ ಕುಲುಕಾಟದಲ್ಲೇ, ಹಿಂದೆ ಬರೆದಿದ್ದ ಎರಡು ಸಾಲುಗಳ ಕೆಳಗೆ ಮೂರನೆಯದನ್ನು ಕನ್ನಡದಲ್ಲಿ ಬರೆದುಕೊಂಡೆ. ರಕಾರಕ್ಕೆ ಮೊದಲು ಇದ್ದುದರಿಂದ ಪಕಾರಕ್ಕೆ ದೀರ್ಘ ಹಾಕಿದೆ. ಅವರು ಬಗ್ಗಿ ನೋಡಿ, ಇದರಲ್ಲಿ ಡೇವಿ ಎಲ್ಲಿದ್ದಾನೆ ಎಂದು ಡೋರಿಕ್‌ನಲ್ಲಿ ಕೇಳಿದರು, ‘ಫಾರ್’ ಎಂಬ ಪದದಿಂದಲೇ ಪ್ರಶ್ನೆ ಎತ್ತಿ. ನಾನು ಬೆರಳಿಟ್ಟು ತೋರಿಸಿದೆ.